ಮಡಚಿದ ಬ್ರಾಂಪ್ಟನ್ ಸೈಕಲ್ ಒಳಾಂಗಣದಲ್ಲಿ ಸರಾಗವಾಗಿ ಉರುಳುತ್ತಿಲ್ಲ

ಸಣ್ಣಗಾಲಿ:
ಹಿಂದೆ ರ‍್ಯಾಕ್ ಇರುವ ಮಾಡೆಲ್, ಅಡಿಯಲ್ಲಿ ನಾಲ್ಕು ರೋಲರ್ (ಪುಟ್ಟ ಗಾಲಿ). ಆಫೀಸ್ ಕಟ್ಟಡದೊಳಗೆ ಮಡಚಿದ ಸೈಕಲ್ ಮಾತ್ರ ಬಿಡ್ತಾರೆ. ಲಿಫ್ಟಿನವರೆಗೆ 12 ಕೆ.ಜಿ. ಹೊರೋದು ಕಷ್ಟ. ತಳ್ಳಿದರೆ ಹಿಡಿದುಕೊಳ್ಳುತ್ತೆ, ಜೋರು ಮಾಡಿದರೆ ಪಕ್ಕಕ್ಕೆ ವಾಲುತ್ತೆ. ದೊಡ್ಡ ರೋಲರ್ ಹಾಕಿಸಬೇಕಾ, ಇಲ್ಲಾ ತಳ್ಳೋ ರೀತಿನೇ ತಪ್ಪಾ?

ಚೈನ್‌ಲಿಂಕ್:
ರೋಲರ್‌ಗೆ ದುಡ್ಡು ಹಾಕೋ ಮುಂಚೆ ಸೀಟ್ ಪೋಸ್ಟ್ (ಸೀಟನ್ನು ಹೊತ್ತಿರೋ ಕೊಳವೆ) ನೋಡಿ. ಸೀಟನ್ನು ಪೂರ್ತಿ ಇಳಿಸಿದರೆ ಪೋಸ್ಟಿನ ಕೆಳತುದಿಯ ರಬ್ಬರ್ ಬಿರಡೆ ನೆಲ ಮುಟ್ಟುತ್ತೆ. ನಿಲ್ಲಿಸಿದಾಗ ಸೈಕಲ್ ಅಲುಗದೆ ಇರೋದು ಅದರಿಂದಲೇ. ಉರುಳಿಸುವಾಗ ಅದೇ ಬ್ರೇಕ್ ಆಗುತ್ತೆ. ಕ್ಲಾಂಪ್ ಸಡಿಲಿಸಿ, ಪೋಸ್ಟನ್ನು ಒಂದು ಬೆರಳಗಲ ಎತ್ತಿ, ಮತ್ತೆ ಬಿಗಿ ಮಾಡಿ. ಅದಕ್ಕಿಂತ ಜಾಸ್ತಿ ಬೇಡ. ಮಡಚಿದ ಹಿಂಚಕ್ರ ಬಿಚ್ಚಿಕೊಳ್ಳದಂತೆ ತಡೆಯೋದು ಕೆಳಗಿಳಿದಿರುವ ಆ ಪೋಸ್ಟೇ. ತೀರಾ ಮೇಲೆ ಬಂದಿದ್ದರೆ, ಮೆಟ್ಟಿಲಲ್ಲಿ ಸೈಕಲ್ ಎತ್ತಿದ ಕೂಡಲೇ ಚಕ್ರ ಜೋತುಬಿದ್ದು ಕಾಲಿಗೆ ಬಡಿಯುತ್ತೆ.

ವಾಲೋದಕ್ಕೆ ಕಾರಣ, ಸೀಟ್ ಹಿಡಿದಾಗ ಕೈ ತುಂಬಾ ಕೆಳಗಿರುತ್ತೆ. ಹ್ಯಾಂಡಲ್ ಬಾರನ್ನು ಮಡಚದೆ ಮೇಲಕ್ಕೇ ನಿಲ್ಲಿಸಿ, ಅದರ ಕ್ಲಾಂಪ್ ಬಿಗಿ ಮಾಡಿ, ಸೂಪರ್‌ಮಾರ್ಕೆಟ್ ಟ್ರಾಲಿ ಥರ ತಳ್ಳಿ. ಈ ರೋಲರ್‌ಗಳು ನೇರಕ್ಕೆ ಮಾತ್ರ ಹೋಗೋದು. ತಿರುವು ಬಂದರೆ ಒಂದು ತುದಿ ಸ್ವಲ್ಪ ಎತ್ತಿ ತಿರುಗಿಸಿ.

ಗ್ರೀಸ್‌ಕೈ:
ಪೋಸ್ಟ್ ಎತ್ತಿದ ಮೇಲೂ ಹಿಡಿದರೆ ಒಂದೊಂದೇ ರೋಲರನ್ನು ಬೆರಳಿನಿಂದ ತಿರುಗಿಸಿ ನೋಡಿ. ತಿರುಗದೆ ಇರೋದು ಸಿಕ್ಕಿದರೆ ಬೋಲ್ಟ್ ಬಿಚ್ಚಿ. ಕೂದಲು, ನೂಲು ಸುತ್ತಿಕೊಂಡಿರುತ್ತೆ, ಎಳೆದು ತೆಗೆದು ಒರೆಸಿ. ಮತ್ತೆ ಹಾಕುವಾಗ ಬೋಲ್ಟ್ ಅತಿಯಾಗಿ ಬಿಗಿದರೆ ರೋಲರ್ ಅದುಮಿಕೊಂಡು ತಿರುಗಲ್ಲ. ತಿರುಗದ ರೋಲರನ್ನು ಹಾಗೇ ಎಳೆದಾಡಿದರೆ ಒಂದು ಕಡೆ ಸವೆದು ಚಪ್ಪಟೆಯಾಗುತ್ತೆ, ಆಮೇಲೆ ಬದಲಾಯಿಸಲೇಬೇಕು.

ದೊಡ್ಡ ರೋಲರ್ ನಿಜಕ್ಕೂ ಉಪಯೋಗಕ್ಕೆ ಬರೋದು ಟೈಲ್ಸ್ ಸಂದಿನಲ್ಲಿ. ಸುತ್ತ ರಬ್ಬರ್ ಪಟ್ಟಿ ಇರೋದನ್ನೇ ತಗೊಳ್ಳಿ, ಗಟ್ಟಿ ಪ್ಲಾಸ್ಟಿಕ್ಕಿನದು ಗಡಗಡ ಸದ್ದು ಮಾಡುತ್ತೆ. ಆದರೆ ಅಗಲ ಜಾಸ್ತಿಯಾದರೆ ಪೆಡಲ್ ಮಾಡುವಾಗ ಹಿಮ್ಮಡಿಗೆ ತಾಗುತ್ತೆ, ಹಾಕಿಸಿದ ಕೂಡಲೇ ಓಡಿಸಿ ನೋಡಿ. ಲಿಫ್ಟ್ ಬಾಗಿಲಿನ ಸಂದನ್ನು ಮಾತ್ರ ಯಾವ ರೋಲರಿನಲ್ಲೂ ಉರುಳಿಸಬೇಡಿ, ಎತ್ತಿ ದಾಟಿಸಿ.

ಇಪ್ಪತ್ತಿಂಚು:
ಡಹಾನ್, ಟರ್ನ್ ಕಂಪನಿಗಳ ಮಡಚುವ ಸೈಕಲ್ ಇರುವವರಿಗೆ: ಇವುಗಳಲ್ಲಿ ರೋಲರ್ ಬದಲು ಸೈಕಲ್ಲಿನ ಎರಡು ಚಕ್ರಗಳ ಮೇಲೇ ಉರುಳಿಸಬೇಕು. ಸೀಟನ್ನು ಇಳಿಸದೆ ಅದನ್ನೇ ಹಿಡಿಕೆ ಮಾಡಿಕೊಳ್ಳಿ. ಹಿಂಚಕ್ರ ಫ್ರೀವೀಲ್ ಆಗುವ (ಪೆಡಲ್ ತಿರುಗದೆ ಚಕ್ರ ಮಾತ್ರ ತಿರುಗುವ) ದಿಕ್ಕಿಗೇ ತಳ್ಳಿ. ಉಲ್ಟಾ ಎಳೆದರೆ ಚೈನ್ ಜೊತೆ ಪೆಡಲೂ ತಿರುಗಿ ಮೊಣಕಾಲಿಗೆ ಹೊಡೆಯುತ್ತೆ. ಚಕ್ರಗಳನ್ನು ಹಿಡಿದಿಡುವ ಆಯಸ್ಕಾಂತ ಸಣ್ಣ ಜರ್ಕಿಗೂ ಬಿಟ್ಟುಕೊಳ್ಳೋದರಿಂದ ಫ್ರೇಮಿಗೆ ಫ್ರೇಮನ್ನು ಸೇರಿಸಿ ಒಂದು ವೆಲ್ಕ್ರೋ ಪಟ್ಟಿ ಕಟ್ಟಿ. ಚಕ್ರಗಳಿಗೇ ಪಟ್ಟಿ ಕಟ್ಟಿದರೆ ಅವು ಉರುಳಲ್ಲ.