ಮೈಮೇಲೆ ಹಾರುವ, ಲೀಶ್ ಎಳೆಯುವ ನಾಯಿಗೆ ಹೊಡೆಯದೆ ಕಲಿಸಿದವರು ಇದ್ದೀರಾ?

ಪ್ರಶ್ನೆ: ನಮ್ಮ ನಾಯಿಗೆ ಎಂಟು ತಿಂಗಳು. ಮನೆಗೆ ಯಾರೇ ಬಂದರೂ ಮೈಮೇಲೆ ಹಾರುತ್ತದೆ. ಹೊರಗೆ ಹೋದರೆ ಲೀಶ್ ಎಳೆಯುತ್ತದೆ, ಬೇರೆ ನಾಯಿ ಕಂಡರೆ ಒಂದೇ ಸಮನೆ ಬೊಗಳುತ್ತದೆ. ಹೊಡೆಯೋಕೆ ಮನಸ್ಸಿಲ್ಲ. ತಿಂಡಿ ಕೊಟ್ಟು ಕಲಿಸಿದವರು ಹೇಗೆ ಮಾಡಿದ್ರಿ?

ಉತ್ತರ: ಹೊಡೆಯಬೇಡಿ, ಅದರ ಅಗತ್ಯವೇ ಇಲ್ಲ. ಹಾರಿದರೆ ಅದಕ್ಕೆ ಏನು ಸಿಗುತ್ತಿದೆ ಅಂತ ಮೊದಲು ನೋಡಿ. ನೀವು ಕೆಳಗೆ ತಳ್ಳುತ್ತೀರಿ, "ಬೇಡ, ಬೇಡ" ಅಂತ ಕೂಗುತ್ತೀರಿ. ನಿಮಗೆ ಅದು ಬೈಗುಳ. ನಾಯಿಗೆ ಮಾತ್ರ ನೀವು ಮುಟ್ಟಿದಿರಿ, ಮುಖ ನೋಡಿದಿರಿ, ಮಾತಾಡಿಸಿದಿರಿ. ಅದಕ್ಕೆ ಬೇಕಾಗಿದ್ದೂ ಅದೇ ಅಲ್ವಾ?

ನಮ್ಮ ಮನೆಯಲ್ಲಿ ಹಾರಿದ ಕೂಡಲೇ ಕೈ ಕಟ್ಟಿ, ಬೆನ್ನು ತಿರುಗಿಸಿ, ಸುಮ್ನೆ ನಿಲ್ಲುತ್ತಿದ್ದೆವು. ನಾಲ್ಕೂ ಕಾಲು ನೆಲಕ್ಕೆ ತಾಗಿದ ತಕ್ಷಣ "ಶಭಾಷ್" ಅಂದು ಒಂದು ಚೂರು ತಿಂಡಿ. ಅದನ್ನೂ ಕೆಳಗೆ, ನೆಲದ ಹತ್ತಿರವೇ ಕೊಡಬೇಕು. ಕೈ ಮೇಲಿದ್ದರೆ ಮತ್ತೆ ಹಾರುತ್ತದೆ. ಒಂದೆರಡು ಸೆಕೆಂಡಿನೊಳಗೆ ಕೊಡದಿದ್ದರೆ ನಾಯಿ ಅಷ್ಟರಲ್ಲಿ ಬೇರೇನೋ ಮಾಡಿರುತ್ತದೆ, ತಿಂಡಿ ಸಿಕ್ಕಿದ್ದು ಅದಕ್ಕೇ ಅಂದುಕೊಳ್ಳುತ್ತದೆ. ಕೆಲವರು ಕ್ಲಿಕ್ಕರ್ (ಒತ್ತಿದರೆ "ಟಿಕ್" ಅನ್ನುವ ಪುಟ್ಟ ಸಾಧನ) ಬಳಸುವುದು ಆ ಕ್ಷಣವನ್ನು ಸರಿಯಾಗಿ ಹಿಡಿಯೋಕೆ.

ಶುರುವಿನಲ್ಲಿ ಹಾರೋದು ಇನ್ನೂ ಜಾಸ್ತಿ ಆಗಬಹುದು. ಇಷ್ಟು ದಿನ ನಡೆದದ್ದು ಈಗ ಯಾಕೆ ನಡೀತಿಲ್ಲ ಅಂತ ಜೋರಾಗಿ ಪ್ರಯತ್ನಿಸುತ್ತದೆ. ಆಗಲೇ ಸೋತು ಮುದ್ದು ಮಾಡಿಬಿಟ್ಟರೆ, ಜೋರು ಮಾಡಿದರೆ ಕೆಲಸ ಆಗುತ್ತೆ ಅಂತ ಕಲಿಯುತ್ತದೆ. ಮನೆಯವರೆಲ್ಲ ಒಂದೇ ರೀತಿ ನಡೆದುಕೊಳ್ಳಬೇಕು. ಬರುವವರಿಗೂ ಬಾಗಿಲಲ್ಲೇ ಹೇಳಿಬಿಡಿ.

ಉತ್ತರ: ಎಳೆಯೋದಕ್ಕೆ ನಾನು ಮಾಡಿದ್ದು: ಲೀಶ್ ಬಿಗಿಯಾದರೆ ನಿಂತುಬಿಡುವುದು, ಸಡಿಲವಾದರೆ ನಡೆಯುವುದು. ನನ್ನ ಕಾಲಿನ ಪಕ್ಕಕ್ಕೆ ಬಂದಾಗೆಲ್ಲ ತಿಂಡಿ. ಮೊದಮೊದಲು ಗೇಟ್ ದಾಟುವುದೇ ದೊಡ್ಡ ಕೆಲಸ, ಆದರೂ ಬಿಡಬೇಡಿ. ಕತ್ತಿಗೆ ಕಟ್ಟೋದಕ್ಕಿಂತ ಎದೆಗೆ ಹಾಕುವ ಹಾರ್ನೆಸ್ ಒಳ್ಳೆಯದು.

ಉತ್ತರ: ಬೊಗಳೋ ವಿಷಯಕ್ಕೆ ಬರ್ತೀನಿ. ಎಷ್ಟೋ ನಾಯಿಗಳು ಹೆದರಿಕೆಯಿಂದ ಬೊಗಳುತ್ತವೆ. ಹೆದರಿದ್ದಕ್ಕೆ ಹೊಡೆದರೆ ಹೆದರಿಕೆ ಇನ್ನೂ ಗಟ್ಟಿಯಾಗುತ್ತದೆ. ದೂರ ಹೆಚ್ಚಿಸಿ. ಇನ್ನೊಂದು ನಾಯಿ ಕಾಣಬೇಕು, ಆದರೆ ನಿಮ್ಮದು ಇನ್ನೂ ಬೊಗಳಿರಬಾರದು, ಅಷ್ಟು ದೂರ. ಅದು ಆ ಕಡೆ ನೋಡಿದ ಕೂಡಲೇ ತಿಂಡಿ ಕೊಡಿ. ಹೀಗೇ ಮಾಡುತ್ತಾ ಹೋದರೆ ಬೇರೆ ನಾಯಿ ಕಂಡಾಗ ಅದೇ ನಿಮ್ಮ ಮುಖ ನೋಡೋಕೆ ಶುರು ಮಾಡುತ್ತದೆ. ಆಮೇಲೆ ನಿಧಾನವಾಗಿ ಹತ್ತಿರ ಹೋಗಿ. ತಿಂಡಿ ಕೊಟ್ಟರೂ ಮೂಸಿ ನೋಡದೆ ಬಿಟ್ಟರೆ ತೀರಾ ಹತ್ತಿರ ಬಂದಿದ್ದೀರಿ ಅಂತ ಅರ್ಥ. ಹಿಂದೆ ಸರಿಯಿರಿ.

ಗುರ್ ಅಂದದ್ದಕ್ಕೆ ಮಾತ್ರ ಯಾವತ್ತೂ ಗದರಬೇಡಿ. ಅದು ಕೊಡುವ ಎಚ್ಚರಿಕೆ ಅದು. ಗದರಿ ಬಾಯಿ ಮುಚ್ಚಿಸಿದರೆ ಮುಂದೆ ಎಚ್ಚರಿಸದೆಯೇ ಕಚ್ಚಬಹುದು.

ಪ್ರಶ್ನೆ ಕೇಳಿದವರು: ತುಂಬಾ ಧನ್ಯವಾದ. ಜೀವನಪೂರ್ತಿ ಜೇಬಲ್ಲಿ ತಿಂಡಿ ಇಟ್ಕೊಂಡೇ ಓಡಾಡಬೇಕಾ?

ಉತ್ತರ: ಬೇಡ. ಪಾಠ ಗಟ್ಟಿಯಾದ ಮೇಲೆ ಒಮ್ಮೊಮ್ಮೆ ಕೊಟ್ಟರೆ ಸಾಕು. ಯಾವಾಗ ಸಿಗುತ್ತೋ ಗೊತ್ತಿಲ್ಲದಿದ್ದರೆ ನಾಯಿ ಪ್ರತಿ ಸಲವೂ ಪ್ರಯತ್ನಿಸುತ್ತದೆ. ಬಾಗಿಲು ತೆಗೆಯುವುದು, ಚೆಂಡು ಎಸೆಯುವುದೂ ಬಹುಮಾನವೇ. ಸದ್ಯಕ್ಕೆ ಬಟಾಣಿ ಕಾಳಿಗಿಂತ ಚಿಕ್ಕ ಚೂರು ಕೊಡಿ, ಅಷ್ಟನ್ನು ಊಟದಲ್ಲಿ ಕಡಿಮೆ ಮಾಡಿ. ಒಂದು ಸಲಕ್ಕೆ ಐದು ನಿಮಿಷಕ್ಕಿಂತ ಜಾಸ್ತಿ ಪಾಠ ಮಾಡಬೇಡಿ. ಇಷ್ಟು ದಿನ ಸರಿಯಿದ್ದ ನಾಯಿ ಇದ್ದಕ್ಕಿದ್ದಂತೆ ಸಿಡುಕಲು ಶುರು ಮಾಡಿದರೆ ಮಾತ್ರ ಪಾಠ ಬಿಟ್ಟು ಮೊದಲು ಡಾಕ್ಟರಿಗೆ ತೋರಿಸಿ. ಕಿವಿನೋವು, ಹಲ್ಲುನೋವು ಇದ್ದರೂ ಹಾಗೆ ಆಡುತ್ತವೆ.