ದೊಡ್ಡ ಕಂಪನಿಯ ಮೊದಲ ಪರ್ಚೇಸ್ ಆರ್ಡರ್ (ಪಿಓ): ಒಪ್ಪುವ ಮುಂಚೆ ಏನು ನೋಡಬೇಕು?

ಕೇಳಿದವರು: ಹುಬ್ಬಳ್ಳಿಯಲ್ಲಿ ನಮ್ಮದೊಂದು ಚಿಕ್ಕ ಮಷಿನ್ ಶಾಪ್ ಇದೆ. ಪುಣೆಯ ಕಂಪನಿಯೊಂದು ಬುಷ್ (ಯಂತ್ರದ ಕೊಳವೆಯಾಕಾರದ ಬಿಡಿಭಾಗ) ಮಾಡಿಕೊಡಿ ಅಂತ ಪಿಓ ಕಳಿಸಿದೆ, ಜೊತೆಗೆ ಆರು ಪುಟ ಷರತ್ತು. ಮಾಲು ಒಪ್ಪಿಗೆಯಾದ 90 ದಿನಕ್ಕೆ ಹಣ, ತಡವಾದರೆ ವಾರಕ್ಕೆ 2% ಕಡಿತ, ತಕರಾರು ಬಂದರೆ ಪುಣೆ ಕೋರ್ಟಿನಲ್ಲೇ ಅಂತಿದೆ. ಅನುಭವ ಇದ್ದವರು ದಯವಿಟ್ಟು ಹೇಳಿ, ಇದನ್ನೆಲ್ಲ ಒಪ್ಪಬಹುದಾ?

ಪೀಣ್ಯದಲ್ಲಿ ಜಾಬ್ ವರ್ಕ್ ಮಾಡುವವರು: 90 ದಿನದ ಮಾತು ಆಮೇಲೆ. ‘ಒಪ್ಪಿಗೆ’ ಯಾವ ದಿನ ಆಗುತ್ತದೆ ಅಂತ ಮೊದಲು ಕೇಳಿ. ಮಾಲು ಅವರ ಗೇಟ್ ದಾಟಿದ ದಿನವಾ, ಗುಣಮಟ್ಟ ನೋಡುವ ಕ್ಯೂಸಿಯವರು ಪಾಸ್ ಮಾಡಿದ ದಿನವಾ? ನಮ್ಮದೊಂದು ಲಾಟ್ ಒಂದು ಕಂಪನಿಯ ಸ್ಟೋರ್ಸ್‌ನಲ್ಲಿ ತಿಂಗಳುಗಟ್ಟಲೆ ಕೂತಿತ್ತು. ಕೇಳಿದಾಗೆಲ್ಲ ‘ಇನ್ಸ್‌ಪೆಕ್ಷನ್ ಆಗಿಲ್ಲ’ ಅನ್ನೋರು. ಕೊನೆಗೆ ಬಂದದ್ದು ಹಣವಲ್ಲ, ಡೆಬಿಟ್ ನೋಟ್, ಅಂದರೆ ನಮ್ಮ ಬಿಲ್ಲಿನಲ್ಲಿ ಹಣ ಮುರಿದುಕೊಳ್ಳುವ ಚೀಟಿ. ಬೋರ್ (ಒಳರಂಧ್ರ) ಅಳತೆ ತಪ್ಪಿದೆಯಂತೆ. ಡ್ರಾಯಿಂಗ್ ತೆಗೆದು ನೋಡಿದರೆ ನಮಗೆ ಕೊಟ್ಟಿದ್ದು ರಿವಿಷನ್ ಬಿ, ಅವರು ಅಳೆದದ್ದು ಅದನ್ನು ತಿದ್ದಿದ ಆವೃತ್ತಿ ರಿವಿಷನ್ ಸಿ ಇಟ್ಟುಕೊಂಡು. ಪಿಓದಲ್ಲಿ ಬರೀ ಡ್ರಾಯಿಂಗ್ ನಂಬರ್ ಇತ್ತು. ನಮ್ಮ ಡಿಸ್ಪ್ಯಾಚ್ ಹುಡುಗ ಮಾಲಿನ ಜೊತೆ ಹೋಗುವ ಪ್ರತಿ ಚಲನ್ ಮೇಲೂ ರಿವಿಷನ್ ಬರೆದು, ಅವರ ಸ್ಟೋರ್ಸ್ ಸೀಲ್ ಮತ್ತು ತಾರೀಖು ಹಾಕಿಸಿಕೊಂಡು ಬರುತ್ತಿದ್ದ. ಆ ಚಲನ್ ತೋರಿಸಿದ ಮೇಲೆ ಡೆಬಿಟ್ ನೋಟ್ ವಾಪಸ್ ತಗೊಂಡರು.

ಕಾನೂನು ನಿಮ್ಮ ಪರವಾಗಿಯೇ ಇದೆ. ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ, ಮಾಲು ತಲುಪಿದ 15 ದಿನದೊಳಗೆ ಬರಹದಲ್ಲಿ ತಕರಾರು ಬರದಿದ್ದರೆ, ತಲುಪಿದ ದಿನವೇ ಒಪ್ಪಿಗೆಯಾದ ದಿನ. ಇದನ್ನೇ ಪಿಓದಲ್ಲೂ ಬರೆಸಿಕೊಳ್ಳಿ. ಡ್ರಾಯಿಂಗ್ ರಿವಿಷನ್ ಕೂಡ.

ಅಕೌಂಟ್ಸ್ ನೋಡಿಕೊಳ್ಳುವವರು: ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಆಗಿದೆಯಾ? ಇಲ್ಲದಿದ್ದರೆ ಪಿಓ ಒಪ್ಪುವ ಮುಂಚೆಯೇ ಮಾಡಿಸಿ, ನಂಬರನ್ನು ಇನ್‌ವಾಯ್ಸ್ ಮೇಲೆ ಹಾಕಿ. ಸೂಕ್ಷ್ಮ ಅಥವಾ ಸಣ್ಣ ಘಟಕಕ್ಕೆ ಕೊಡಬೇಕಾದ ಹಣವನ್ನು ಒಪ್ಪಂದದಲ್ಲಿ 90 ಅಂತ ಬರೆದರೂ 45 ದಿನ ಮೀರಿ ಇಟ್ಟುಕೊಳ್ಳುವಂತಿಲ್ಲ. ಬರಹದಲ್ಲಿ ಅವಧಿಯೇ ಇಲ್ಲದಿದ್ದರೆ 15 ದಿನ. ಮೀರಿದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಲೆಕ್ಕದ ಚಕ್ರಬಡ್ಡಿ. ಬಡ್ಡಿ ಕೇಳಿದರೆ ಮುಂದಿನ ಆರ್ಡರ್ ಹೋಗುತ್ತದೆ ಅನ್ನೋ ಭಯ ಎಲ್ಲರಿಗೂ ಇರುತ್ತದೆ, ಅದು ಸಹಜ. ಅದಕ್ಕೇ ನಾನು ತೆರಿಗೆ ವಿಷಯದಿಂದ ಮಾತು ಶುರು ಮಾಡುತ್ತೇನೆ. 2024–25ರ ಅಸೆಸ್‌ಮೆಂಟ್ ವರ್ಷದಿಂದ, ಇಂಥ ಬಾಕಿಯನ್ನು ಅವಧಿ ಮೀರಿ ಉಳಿಸಿಕೊಂಡರೆ ಕಂಪನಿ ಅದನ್ನು ನಿಜವಾಗಿ ಕೊಟ್ಟ ವರ್ಷದಲ್ಲಷ್ಟೇ ಖರ್ಚಿಗೆ ತೋರಿಸಬಹುದು. ಅವರ ಅಕೌಂಟ್ಸ್‌ನವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ.

ಒಬ್ಬ ವಕೀಲರು: ವಾರಕ್ಕೆ 2% ಅಂತ ಸುಮ್ನೆ ಬಿಡಬೇಡಿ, ಅದಕ್ಕೊಂದು ಮಿತಿ ಬೇಕು. ‘ತಡವಾದ ಮಾಲಿನ ಬೆಲೆಯ 5% ಮೀರಬಾರದು’ ಅಂತ ಕೇಳಿ ನೋಡಿ. ಕಚ್ಚಾಮಾಲು ಅಥವಾ ಡ್ರಾಯಿಂಗ್ ಅವರಿಂದಲೇ ತಡವಾಗಿ ಬಂದರೆ ಆ ದಿನಗಳು ಲೆಕ್ಕಕ್ಕಿಲ್ಲ ಅಂತಲೂ ಸೇರಿಸಿ. 1872ರ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ, ಬರೆದ ದಂಡ ಗರಿಷ್ಠ ಮಿತಿ ಮಾತ್ರ. ಕೋರ್ಟು ಕೊಡಿಸುವುದು ನ್ಯಾಯವಾದ ಪರಿಹಾರವನ್ನಷ್ಟೇ. ಆದರೆ ಅವರು ಮೊದಲೇ ಬಿಲ್ಲಿನಲ್ಲಿ ಮುರಿದುಕೊಂಡಿರುತ್ತಾರೆ, ಓಡಾಡಬೇಕಾದವರು ನೀವು. ಹಾಗಾಗಿ ಈಗಲೇ ತಿದ್ದಿಸಿ.

ಪುಣೆ ಕೋರ್ಟಿನ ಬಗ್ಗೆ ಜಾಸ್ತಿ ಹೆದರಬೇಡಿ. ಬಾಕಿ ಹಣಕ್ಕೆ, ಸಣ್ಣ ಘಟಕಗಳ ಇಂಥ ತಕರಾರು ಕೇಳುವ ಸರ್ಕಾರಿ ಮಂಡಳಿಯಾದ ಎಂಎಸ್‌ಇ ಫೆಸಿಲಿಟೇಷನ್ ಕೌನ್ಸಿಲ್‌ಗೆ ಹೋಗಬಹುದು. ಮಾಲು ಕೊಟ್ಟವರು ಇರುವ ಕಡೆಯ ಕೌನ್ಸಿಲೇ ಇದನ್ನು ಕೇಳುತ್ತದೆ, ಕೊಂಡವರು ದೇಶದ ಎಲ್ಲೇ ಇರಲಿ.

ಮತ್ತೆ ಪೀಣ್ಯದವರು: ಒಂದು ಬಿಟ್ಟುಹೋಯಿತು. ಪರ್ಚೇಸ್‌ನವರು ಫೋನಲ್ಲಿ ‘ನೀವು ಶುರು ಮಾಡಿ ಸರ್, ಪಿಓ ಆಮೇಲೆ ತಿದ್ದೋಣ’ ಅನ್ನುತ್ತಾರೆ. ಆವತ್ತೇ ಮೇಲ್ ಹಾಕಿ: ‘ಇಂದು ಮಾತಾಡಿದಂತೆ ಈ ಮೂರು ಷರತ್ತು ಬದಲಾಗಬೇಕು, ತಿದ್ದಿದ ಪಿಓ ಬಂದ ಮೇಲೆ ಕೆಲಸ ಶುರು ಮಾಡುತ್ತೇವೆ.’ ಅಲ್ಲಿವರೆಗೆ ಮೆಟೀರಿಯಲ್ ಕಟ್ ಮಾಡಬೇಡಿ. ಕೆಲಸ ಶುರುವಾದರೆ ಎಲ್ಲ ಷರತ್ತು ಒಪ್ಪಿದಂತೆ ಅಂತ ಎಷ್ಟೋ ಪಿಓಗಳ ಕೊನೆಯಲ್ಲಿ ಸಣ್ಣಕ್ಷರದಲ್ಲಿ ಇರುತ್ತದೆ. ನಿಮ್ಮ ಆರನೇ ಪುಟವನ್ನೂ ಒಮ್ಮೆ ನೋಡಿ.