ಪ್ರಾಕ್ಟೀಸ್ ಮ್ಯಾಚಿನಲ್ಲಿ ಡಿಫೆನ್ಸ್: ಎಷ್ಟು ಆಡಬಹುದು, ಹೇಗೆ ಆಡಬೇಕು?

ಪ್ರಶ್ನೆ: ಎಫ್‌ಆರ್‌ಸಿ (ವಿದ್ಯಾರ್ಥಿ ತಂಡಗಳ ರೋಬಾಟ್ ಪಂದ್ಯ, ಮೂರು ಮೂರು ತಂಡ ಎದುರುಬದುರು) ಸ್ಪರ್ಧೆಗೆ ತಂಡ ಹೊರಟಿದೆ. ನಮ್ಮ ರೋಬಾಟ್‌ನ ಸ್ಕೋರಿಂಗ್ ಅಷ್ಟಕ್ಕಷ್ಟೆ, ಡ್ರೈವ್‌ಟ್ರೇನ್ (ಓಡಿಸುವ ಚಕ್ರ, ಮೋಟಾರ್‌ಗಳು) ಮಾತ್ರ ಗಟ್ಟಿ. ಡಿಫೆನ್ಸನ್ನು (ಎದುರಿನ ರೋಬಾಟ್ ಸ್ಕೋರ್ ಮಾಡದಂತೆ ಅಡ್ಡಗಟ್ಟುವುದನ್ನು) ಪ್ರಾಕ್ಟೀಸ್ ಮ್ಯಾಚಿನಲ್ಲೇ ಅಭ್ಯಾಸ ಮಾಡಿದರೆ ಬೇರೆ ತಂಡಗಳಿಗೆ ಬೇಜಾರಾಗುತ್ತದಾ?

ಡ್ರೈವ್ ಕೋಚ್ ಒಬ್ಬರು:
ಕೇಳದೆ ಆಡಿದರೆ ಖಂಡಿತ ಆಗುತ್ತದೆ. ನಿಯಮದಲ್ಲಿ ಅಡ್ಡಿಯಿಲ್ಲ, ಆದರೆ ಪ್ರಾಕ್ಟೀಸಿನಲ್ಲಿ ರ‍್ಯಾಂಕಿಂಗ್ ಪಾಯಿಂಟ್ ಇರುವುದಿಲ್ಲ. ಎದುರಿನ ತಂಡ ಆಟೊ (ಮ್ಯಾಚಿನ ಶುರುವಿನಲ್ಲಿ ಡ್ರೈವರ್ ಇಲ್ಲದೆ ರೋಬಾಟ್ ತಾನೇ ಆಡುವ ಭಾಗ) ಸರಿ ಓಡುತ್ತದಾ, ಕ್ಯಾಮೆರಾ ಗುರುತು ಹಿಡಿಯುತ್ತದಾ ಅಂತ ನೋಡಲು ಬಂದಿರುತ್ತದೆ. ಹಾಗಾಗಿ ಕ್ಯೂನಲ್ಲಿ ನಿಂತಾಗಲೇ ಎದುರಿನ ಮೂರೂ ಡ್ರೈವ್ ಕೋಚ್‌ಗಳ ಹತ್ತಿರ ಹೋಗಿ ಕೇಳಿ: "ಕೊನೆಯ ಒಂದು ನಿಮಿಷ ಡಿಫೆನ್ಸ್ ಆಡಲಾ? ಯಾರ ಮೇಲೆ ಬೇಡ?" ಒಬ್ಬರು ಬೇಡ ಅಂದರೆ ಅವರನ್ನು ಬಿಟ್ಟುಬಿಡಿ. ಅನುಭವಿ ತಂಡಗಳು ಎಷ್ಟೋ ಸಲ "ಬನ್ನಿ, ನಮಗೂ ತಪ್ಪಿಸಿಕೊಳ್ಳೋದು ಕಲೀಬೇಕು" ಅನ್ನುತ್ತವೆ. ನಿಮ್ಮದೇ ಅಲೈಯನ್ಸ್‌ನವರಿಗೂ (ನಿಮ್ಮ ಜೊತೆ ಆಡುವ ತಂಡಗಳಿಗೂ) ಹೇಳಿ, ಇಲ್ಲವಾದರೆ ಅವರ ದಾರಿಗೆ ನೀವೇ ಅಡ್ಡ ಬರುತ್ತೀರಿ.

ಆಟೊ ವೇಳೆ ಮುಟ್ಟಬೇಡಿ. ಆಟದಲ್ಲಿ ಕ್ಲೈಂಬ್ (ಕೊನೆಗೆ ರೋಬಾಟ್ ಮೇಲೆ ಹತ್ತುವುದು) ಇರುವ ವರ್ಷ ಕೊನೆಯ ಇಪ್ಪತ್ತು ಮೂವತ್ತು ಸೆಕೆಂಡೂ ಬಿಡಿ.

ರೆಫರಿ ಕೆಲಸ ಬಲ್ಲವರು:
ಪಿನ್ (ಎದುರಿನ ರೋಬಾಟ್ ಅಲುಗದಂತೆ ಒತ್ತಿ ಹಿಡಿಯುವುದು) ಎಷ್ಟು ಸೆಕೆಂಡ್ ಅನ್ನೋ ಎಣಿಕೆ ಆ ವರ್ಷದ ಮ್ಯಾನುಯಲ್‌ನಲ್ಲೇ (ನಿಯಮ ಪುಸ್ತಕದಲ್ಲೇ) ನೋಡಿ, ಹಳೆಯ ನೆನಪು ನಂಬಬೇಡಿ. 2024ರಲ್ಲಿ 5 ಸೆಕೆಂಡ್ ಇತ್ತು, 2025ರಲ್ಲಿ 3 ಆಯಿತು. ಬಿಟ್ಟ ಮೇಲೆ 6 ಅಡಿ ದೂರ ಸರಿಯುವ ಲೆಕ್ಕವೂ ಇದೆ. ಪ್ರಾಕ್ಟೀಸಿನಲ್ಲಿ ಕೋಚ್ ಗಟ್ಟಿಯಾಗಿ "ಒಂದು, ಎರಡು, ಬಿಡು!" ಅಂತ ಕೂಗುವುದನ್ನೇ ರೂಢಿ ಮಾಡಿಕೊಳ್ಳಿ. ಫೌಲ್ ಬಿದ್ದರೆ ಅದಕ್ಕಿಂತ ಒಳ್ಳೆಯ ಪಾಠ ಬೇರೆ ಇಲ್ಲ. ಮ್ಯಾಚ್ ಮುಗಿದ ಮೇಲೆ ನಿಮ್ಮ ವಿದ್ಯಾರ್ಥಿಯೊಬ್ಬರು ಹೋಗಿ ಏಕೆ ಬಿತ್ತು ಅಂತ ರೆಫರಿಯನ್ನು ಕೇಳಲಿ. (ಮೆಂಟರ್ ಹೋಗಿ ವಾದ ಮಾಡುವುದು ಬೇಡ.)

ಇನ್ನೊಂದು: ಎದುರಿನ ರೋಬಾಟ್ ನಿಂತುಬಿಟ್ಟರೆ ಅದರ ಕಿತ್ತಳೆ ಸಿಗ್ನಲ್ ಲೈಟ್ ನೋಡಿ. ಮಿನುಗುತ್ತಿದ್ದರೆ ರೋಬಾಟ್ ಚಾಲೂ ಇದೆ, ಸುಮ್ಮನೆ ಉರಿಯುತ್ತಿದ್ದರೆ ನಿಷ್ಕ್ರಿಯ, ಆರಿದ್ದರೆ ಪವರೇ ಹೋಗಿರಬಹುದು. ಅಂಥದ್ದನ್ನು ತಳ್ಳಿಕೊಂಡು ಹೋಗುವುದು ಡಿಫೆನ್ಸ್ ಅಲ್ಲ, ಒರಟುತನ.

ಡ್ರೈವರ್ ಕಡೆಯಿಂದ:
ಮೈದಾನದ ಆ ತುದಿಯಿಂದ ಓಡಿಬಂದು ಡಿಕ್ಕಿ ಹೊಡೆಯಬೇಡಿ. ಡಿಫೆನ್ಸ್ ಅಂದರೆ ಜಾಗ ಹಿಡಿಯುವುದು. ಎದುರಾಳಿಯ ಬೆನ್ನು ಹತ್ತಿದರೆ ಸದಾ ಒಂದು ಹೆಜ್ಜೆ ಹಿಂದೆಯೇ ಇರುತ್ತೀರಿ. ಅವರು ಸ್ಕೋರ್ ಮಾಡುವ ಜಾಗ ಮತ್ತು ಅವರ ನಡುವೆ ಮೊದಲೇ ನಿಂತು, ಬಂಪರ್‌ಗೆ ಬಂಪರ್ ಮೆತ್ತಗೆ ತಾಗಿಸಿ, ಆಮೇಲೆ ಒತ್ತಿ. ಸ್ವರ್ವ್ ರೋಬಾಟ್ (ಪ್ರತಿ ಚಕ್ರವೂ ಬೇಕಾದ ದಿಕ್ಕಿಗೆ ತಿರುಗುವಂಥದ್ದು) ಆದರೆ ಪಕ್ಕಕ್ಕೆ ಜಾರಿ ಹೋಗುತ್ತದೆ, ನೀವೂ ಜೊತೆಗೇ ಜಾರಬೇಕು. ಇದನ್ನು ಕಲಿಯಲು ಅರ್ಧ ವೇಗ ಸಾಕು. ಇಂಟೇಕ್ (ಆಟದ ವಸ್ತು ಎತ್ತಿಕೊಳ್ಳುವ ಭಾಗ) ಒಳಗೆ ಎಳೆದುಕೊಂಡಿರಲಿ: ಹೊರಗೆ ಚಾಚಿದ್ದರೆ ಎದುರಿನವರ ಫ್ರೇಮ್ ಒಳಗೆ ತೂರಿ ವೈರ್ ಕಿತ್ತರೆ ಫೌಲೂ ನಿಮ್ಮದೇ, ಮುರಿದ ಇಂಟೇಕೂ ನಿಮ್ಮದೇ. ಎತ್ತರಕ್ಕೆ ಲಿಫ್ಟ್ ಏರಿಸಿರುವ ರೋಬಾಟನ್ನು ಪ್ರಾಕ್ಟೀಸಿನಲ್ಲಿ ತಳ್ಳಲೇಬೇಡಿ, ಮಗುಚುತ್ತದೆ.

ಪಿಟ್ (ರೋಬಾಟ್ ರಿಪೇರಿ ಮಾಡುವ ಜಾಗ) ಕಡೆಯಿಂದ:
ತಳ್ಳಾಟದಲ್ಲಿ ಮೊದಲು ಸೋಲುವುದು ಬ್ಯಾಟರಿ. ಚಕ್ರ ತಿರುಗದೆ ಮೋಟಾರ್ ಒತ್ತುತ್ತಿದ್ದರೆ ಕರೆಂಟ್ ಏರಿ ವೋಲ್ಟೇಜ್ ಕುಸಿಯುತ್ತದೆ. ಮೊದಲ ಮಾದರಿಯ ರೋಬೋರಿಯೋದಲ್ಲಿ (ರೋಬಾಟ್‌ನ ನಿಯಂತ್ರಣ ಕಂಪ್ಯೂಟರ್) 6.3 ವೋಲ್ಟ್‌ಗೆ ಇಳಿದರೆ ಬ್ರೌನ್‌ಔಟ್, ಮೋಟಾರ್‌ಗಳು ತಡವರಿಸುತ್ತವೆ. ಹೆಚ್ಚು ಹೊತ್ತು ಎಳೆದರೆ 120 ಆಂಪಿಯರ್‌ನ ಮೇನ್ ಬ್ರೇಕರ್ ಬಿಸಿಯಾಗಿ ಬಿದ್ದು ಇಡೀ ರೋಬಾಟ್ ಸತ್ತುಹೋಗಬಹುದು. ಮೋಟಾರ್ ಕಂಟ್ರೋಲರ್‌ನಲ್ಲಿ ಕರೆಂಟ್ ಮಿತಿ ಹಾಕಿ, ಪ್ರಾಕ್ಟೀಸ್ ಮ್ಯಾಚಿನ ಲಾಗ್‌ನಲ್ಲಿ ಕನಿಷ್ಠ ವೋಲ್ಟೇಜ್ ಎಷ್ಟಕ್ಕೆ ಇಳಿಯಿತು ನೋಡಿ, ಮಿತಿಯನ್ನು ಅದರಂತೆ ತಿದ್ದಿ.

ಮರಳಿ ಬಂದ ತಕ್ಷಣ ಬಂಪರ್ ಹಿಡಿದು ಅಲ್ಲಾಡಿಸಿ, ಬೋಲ್ಟ್ ಸಡಿಲಿದ್ದರೆ ಗೊತ್ತಾಗುತ್ತದೆ. ಬ್ಯಾಟರಿ ಪಟ್ಟಿ, ಬ್ಯಾಟರಿ ಕನೆಕ್ಟರ್, ರೇಡಿಯೊ ಪವರ್ ವೈರ್ ಈ ಮೂರನ್ನೂ ಎಳೆದು ನೋಡಿ. ರೇಡಿಯೊ ವೈರ್ ಕ್ಷಣ ಬಿಟ್ಟರೂ ಅದು ಮತ್ತೆ ಬೂಟ್ ಆಗುವ ಹೊತ್ತಿಗೆ ಮ್ಯಾಚಿನ ದೊಡ್ಡ ಪಾಲು ಹೋಗಿರುತ್ತದೆ. ಎದುರಿನ ಪಿಟ್‌ಗೂ ಹೋಗಿ "ಏನಾದರೂ ಮುರಿಯಿತಾ?" ಅಂತ ಕೇಳಿ, ಮುರಿದಿದ್ದರೆ ಒಂದು ಕೈ ಹಚ್ಚಿ.